ಒಣಹೊಳೆಯಲ್ಲಿ ಹರಿಗೋಲು

ರಾಯದುರ್ಗದ ಮೊದಲ ಮೋಟಾರು ನನ್ನದು. ಅದರ ಹಾರ್ನ್ ಒತ್ತಿದರೆ ಬಳ್ಳಾರಿಯ ಕಲೆಕ್ಟರ್ ದೊರೆ ಎದ್ದು ಟೋಪಿ ಹುಡುಕುತ್ತಿದ್ದರು. ಆ ಬೇಸಿಗೆ ಹೆಂಡತಿ ಗುರುಶಾಂತಮ್ಮನನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೊಸಪೇಟೆಯ ಆಚೆ ತುಂಗಭದ್ರೆಯ ದಡದವರೆಗೆ ಕಾರಿನಲ್ಲಿ, ಅಲ್ಲಿಂದ ಹರಿಗೋಲಿನಲ್ಲಿ ಒಂದು ನಡುಗಡ್ಡೆಗೆ ಹೋಗಿ ಮೂರು ದಿನ ಇದ್ದು ಬರುವುದೆಂದು ನಿಶ್ಚಯಿಸಿದೆ. ಮಗ ಕೊಟ್ರಬಸಪ್ಪನಿಗೆ ಏಳು ವರ್ಷ, ಮಗಳು ತಿಪ್ಪಮ್ಮನಿಗೆ ನಾಲ್ಕು. ಅವಳಿಗೆ ಆಗ ಬೇರೆ ಹೆಸರಿತ್ತು; ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುಗಡ್ಡೆಯ ಮೀನುಗಳು ಎಮ್ಮೆಯಷ್ಟಿವೆ, ಮೂಗುದಾರ ಹಾಕಿ ಮೇಯಿಸುತ್ತಾರೆ ಎಂದು ದಿನವೂ ಮಕ್ಕಳಿಗೆ ಹೇಳುತ್ತಿದ್ದೆ. ಮಗಳು ಊಟ ಬಿಟ್ಟು ಕೇಳುತ್ತಿದ್ದಳು.

"ಮಕ್ಕಳು ಹರಿಗೋಲಿನ್ಯಾಗ ಸುಮ್ನ ಕುಂದ್ರತಾವೇನ್ರಿ?" ಎಂದಳು ಗುರುಶಾಂತಮ್ಮ. "ಮೊದ್ಲ ಕಲಿಸ್ರಿ, ಆಮ್ಯಾಲ ಹೋಗೂಣು."

ಕಲಿಸಲು ನೀರೆಲ್ಲಿ? ನನ್ನಂಥ ಬುದ್ಧಿವಂತ ಇಡೀ ಮದರಾಸು ಪ್ರಾಂತ್ಯದಲ್ಲೇ ಇಲ್ಲವಾದ್ದರಿಂದ, ಬೇಸಿಗೆಗೆ ಬತ್ತಿದ ನಮ್ಮೂರ ಹಗರಿ ಹೊಳೆಯ ಒಣ ಮರಳೇ ಸಾಕೆಂದು ತೀರ್ಮಾನಿಸಿದೆ. ಹಿಂದೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ ಜಂಬಯ್ಯ ಈಗ ನಮ್ಮೂರಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಅವನ ಹಳೆಯ ಹರಿಗೋಲನ್ನು ಕಾರಿನ ತಲೆಯ ಮೇಲೆ ಕಟ್ಟಿ, ರೊಟ್ಟಿ ಬುತ್ತಿ ಸಮೇತ ಒಂದು ಮಧ್ಯಾಹ್ನ ಹೊಳೆಗಿಳಿದೆವು. ಜಂಬಯ್ಯ ಹಗ್ಗ ಹಿಡಿದು ಎಳೆಯುವುದು, ನಾವು ನಾಲ್ವರು ಒಳಗೆ ಕೂತು ಕಲಿಯುವುದು.

"ಒಂದ ಮಾತ್ರಿ ಗೌಡ್ರ," ಎಂದ ಜಂಬಯ್ಯ. "ಹರಿಗೋಲಿನ್ಯಾಗ ಕೂಸಿನ ಹೆಸರು ಹಿಡಿದು ಕರೀಬ್ಯಾಡ್ರಿ. ನೀರು ಕೇಳಿಸ್ಕೊಂತೈತಿ."

"ನೀರೆಲ್ಲೈತೋ ಇಲ್ಲಿ?"

"ಹೊಳಿ ಅಂತ ಕರೀತಾರಲ್ರಿ ಇದನ್ನ."

ನಕ್ಕುಬಿಟ್ಟೆ. ನಡುಹೊಳೆಗೆ ಬಂದಾಗ ಮಗಳು ಬಾಗಿ ಮರಳಿನಲ್ಲಿ ಕೈಯಾಡಿಸತೊಡಗಿದಳು. ಕೈ ಒಳಗೆ ತಗೋ ಎಂದು ಹೆಸರು ಹಿಡಿದೇ ಕೂಗಿದೆ. ನನ್ನ ಗಂಟಲೋ, ಹೊಳೆದಡದ ಭೈರವಾನಿತಿಪ್ಪದ ಕಾಗೆಗಳೆಲ್ಲ ಎದ್ದು ಹರದಾರಿಗಟ್ಟಲೆ ದೂರದ ರತ್ನಗಿರಿ ಕೋಟೆಗೆ ಹೋಗಿ ಕೂತವು.

ಕಾಗೆಗಳ ಸದ್ದು ಅಡಗಿದ ಮೇಲೆ ಮರಳಿನೊಳಗಿನಿಂದ ಯಾರೋ ಅದೇ ಹೆಸರು ಕರೆದರು. ದನಿ ನನ್ನದೇ.

ಮಗಳು ಕೈ ಎತ್ತಿದಳು. ಮೊಣಕೈವರೆಗೆ ತೊಯ್ದಿತ್ತು.

"ಎಮ್ಮಿಯಂಥ ಮೀನು ತೋರಸ್ತೀನಿ, ಬಾರವ್ವ," ಎಂದಿತು ಕೆಳಗಿನ ದನಿ. "ಮೂಗುದಾರ ನಿನ್ನ ಕೈಯಾಗ ಕೊಡ್ತೀನಿ."

ಅವಳು ಅಂಚಿನಾಚೆ ಒಂದು ಕಾಲು ಹಾಕಿದಳು. ಗುರುಶಾಂತಮ್ಮ ಲಂಗ ಹಿಡಿದಳು. ನಾಲ್ಕು ವರ್ಷದ ಕೂಸು ಎತ್ತಿನಂತೆ ಜಗ್ಗಿತು. ಕೊಟ್ರಬಸಪ್ಪ ತಾಯಿಯ ಬೆನ್ನಿಗೆ ಮುಖ ಒತ್ತಿಕೊಂಡ.

"ದಂಡಿ ಮುಟ್ಟೂಮಟ ಯಾರೂ ಇಳೀಬ್ಯಾಡ್ರಿ," ಎಂದು ಜಂಬಯ್ಯ ಬಂದ ದಡದ ಕಡೆಗೇ ತಿರುಗಿ ಹಗ್ಗ ಎಳೆಯತೊಡಗಿದ.

ಹುಟ್ಟಿದ ಮೇಲೆ ಮೊದಲ ಬಾರಿ ನಿಜ ಹೇಳಿದೆ. "ಯವ್ವಾ, ಮೀನು ಬೆರಳಷ್ಟ ಇರ್ತಾವ. ನಾ ಹೇಳಿದ್ದೆಲ್ಲಾ ಸುಳ್ಳು."

ಅವಳು ಗುರುತಿಲ್ಲದವನನ್ನು ನೋಡುವಂತೆ ನನ್ನನ್ನು ನೋಡಿ ಮರಳಿನ ಕಡೆ ತಿರುಗಿದಳು. ಕತೆ ಹೇಳುವ ಅವಳಪ್ಪ ಅಲ್ಲಿದ್ದ.

ಬಾಯಿಗೆ ಬಂದದ್ದು ಹೇಳಿದೆ. "ಅದ್ರ ಮೀನು ಯಾವ ಲೆಕ್ಕ? ನನ್ನ ಮೀನು ನಮ್ಮ ಕಾರು ನುಂಗಿ, ಹೊಟ್ಟ್ಯಾಗ ಹಾರ್ನ್ ಹೊಡಕೊಂತ ಅಡ್ಡಾಡತೈತಿ."

ಅವಳು ಇತ್ತ ತಿರುಗಿದಳು. "ದೀಪಾನೂ ಹತ್ತತಾವೇನಪ್ಪ?"

"ಎರಡೂ ಕಣ್ಣಾಗ."

ನಕ್ಕು ಕಾಲು ಒಳಗೆಳೆದುಕೊಂಡಳು. ದಡ ಮುಟ್ಟುವವರೆಗೆ ನಾನು ಬಾಯಿ ಮುಚ್ಚಲಿಲ್ಲ, ಕೆಳಗಿನದೂ ಮುಚ್ಚಲಿಲ್ಲ. ದಡ ಹತ್ತಿದಾಗ ಜಂಬಯ್ಯನ ಧೋತರ ಮೊಣಕಾಲವರೆಗೆ ಒದ್ದೆ.

ಅಂದು ಸಂಜೆಯೇ ಅವಳನ್ನು ತಿಪ್ಪೆಯ ಮೇಲೆ ಉರುಳಿಸಿ, ಯಾರಿಗೂ ಬೇಡದ ಕೂಸು ಇದು ಎಂದು ತಿಪ್ಪಮ್ಮನೆಂಬ ಹೆಸರಿಟ್ಟೆವು. ನಡುಗಡ್ಡೆಯ ಮಾತು ಅಲ್ಲಿಗೆ ನಿಂತಿತು. ಹಳೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಮರೆತಳು.

ಮಳೆಗಾಲದಲ್ಲಿ ಹಗರಿ ಒಂದು ವಾರ ಹರಿಯಿತು. ದಡದ ರಸ್ತೆಯಲ್ಲಿ ಹೋಗುವಾಗ ತಿಪ್ಪಮ್ಮ ಕಾರಿನ ಕಿಟಕಿಗೆ ಕಿವಿಗೊಟ್ಟು ಕೂತಳು.

"ಅಪ್ಪ, ನಿನ್ನ ದನ್ಯಾಗ ಅದು ಯಾರನ್ನ ಕರೀತೈತಿ?"

ನನ್ನ ಜೀವಮಾನದ ಅತಿ ಸಣ್ಣ ಸುಳ್ಳು ಹೇಳಿದೆ. "ಯಾರನ್ನೋ ಏನೋ, ನನಗ ಗೊತ್ತಿಲ್ಲವ್ವ."

ಆಮೇಲೆ ಹಾರ್ನ್ ಒತ್ತಿದೆ. ಹೊಳೆ ಕಣ್ಮರೆಯಾಗುವವರೆಗೂ ಕೈ ತೆಗೆಯಲಿಲ್ಲ.