ವೆಂಕಟರಾಯಪ್ಪ ಟ್ರ್ಯಾಕ್ಟರ್ ಆರಿಸಿದ್ದು

ಆ ವರ್ಷವೂ ಬಿತ್ತನೆಯ ಹದ ಕೈತಪ್ಪಿತು. ಮಳೆ ಸಕಾಲಕ್ಕೇ ಬಂದಿತ್ತು, ಸುಳ್ಳು ಹೇಳಬಾರದು. ಆದರೆ ವೆಂಕಟರಾಯಪ್ಪನ ಎರಡು ಜೋಡಿ ಎತ್ತುಗಳು ಹದಿನಾಲ್ಕು ಎಕರೆ ಹೊಲ ಉತ್ತು ಮುಗಿಸುವಷ್ಟರಲ್ಲಿ ಮೇಲಿನ ನಾಲ್ಕು ಎಕರೆ ಒಣಗಿ ಹೆಂಟೆ ಕಟ್ಟಿತು. ಅಲ್ಲಿ ರಾಗಿ ಬೀಳಲೇ ಇಲ್ಲ. ನಂದಗುಡಿ ಸುತ್ತಿನಲ್ಲಿ ಈ ಗೋಳು ಇಲ್ಲದ ಮನೆ ಯಾವುದಿದೆ ಹೇಳಿ?

ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಬೆಂಗಳೂರಿನ ಅಂಗಡಿಗಳಿಗೆ ಹಡಗಿನಲ್ಲಿ ಟ್ರ್ಯಾಕ್ಟರುಗಳು ಬರತೊಡಗಿದ್ದವು. ವೆಂಕಟರಾಯಪ್ಪ ಒಂದು ದಿನ ರುಮಾಲು ಸುತ್ತಿ ಹೊರಟೇಬಿಟ್ಟ.

ಎತ್ತು ಆರಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಅಂಗಡಿಯಲ್ಲೂ ಅವನು ಅದೇ ವಿದ್ಯೆ ತೋರಿಸಿದ. ಟ್ರ್ಯಾಕ್ಟರಿನ ಸುತ್ತ ಮೂರು ಸುತ್ತು ಬಂದ. ಎದೆ ಅಗಲವಿದೆಯೇ, ಎತ್ತರವೆಷ್ಟು ಎಂದು ನೋಡಿದ. ಯಾವ ತಳಿ ಎಂದು ಕೇಳಿದ. ಅಮೆರಿಕದ್ದು ಎಂದರು. ಸರಿ, ದೊಡ್ಡ ದೇಶ, ದೊಡ್ಡ ಗಾತ್ರ, ಇನ್ನೇನು ಬೇಕು? ಬೆಲೆ ಒಂಬತ್ತು ಸಾವಿರ. ಬೆರಳಲ್ಲೇ ಬೆಲೆ ಹೇಳುವ ದನದ ಸಂತೆಯ ಅಭ್ಯಾಸದಂತೆ ಅಂಗಡಿಯವನ ಕೈ ಹಿಡಿದು, ಮೇಲೆ ಟವಲು ಹೊದಿಸಿ, ಒಳಗೆ ಬೆರಳು ಒತ್ತಿ ಚೌಕಾಸಿಗೆ ನಿಂತ. ಪ್ಯಾಂಟು ತೊಟ್ಟ ಆ ಮನುಷ್ಯ ಬೆಚ್ಚಿಬಿದ್ದು ಕೈ ಕಿತ್ತುಕೊಂಡ. ಬೆಲೆ ಒಂದು ಕಾಸೂ ಇಳಿಯಲಿಲ್ಲ. ಆದರೂ ವೆಂಕಟರಾಯಪ್ಪ ಅದನ್ನೇ ಕೊಳ್ಳುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು ಬಂದ.

ಇಷ್ಟು ದುಡ್ಡಿಗೆ ಕೆರೆ ಕೆಳಗಿನ ಎರಡು ಎಕರೆ ಗದ್ದೆ ಮಾರಬೇಕಿತ್ತು. ಮನೆಗೆ ವರ್ಷವಿಡೀ ಅನ್ನ ಕೊಡುತ್ತಿದ್ದ ಗದ್ದೆ ಅದು. ಸುದ್ದಿ ಕೇಳಿದ ಹೆಂಡತಿ ಮುನಿಲಕ್ಷ್ಮಮ್ಮ ಜಗಳವಾಡಲಿಲ್ಲ. ಮೂರನೆಯ ದಿನ ಹೊಸಕೋಟೆಯಿಂದ ತಮ್ಮನನ್ನು ಕರೆಸಿದಳು.

ತಮ್ಮ ಸಂಜೀವಪ್ಪ ಯುದ್ಧದಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವನು. ಈಗ ಹೊಸಕೋಟೆಯಲ್ಲಿ ಮೆಕ್ಯಾನಿಕ್. ಮುದ್ದೆ, ಹುರುಳಿ ಸಾರು ಉಂಡು ಕೈ ತೊಳೆದ ಮೇಲೆ ಮೆಲ್ಲಗೆ ಮಾತು ತೆಗೆದ. ಆ ಟ್ರ್ಯಾಕ್ಟರು ಗಂಟೆಗೆ ಎಷ್ಟು ಸೀಮೆಎಣ್ಣೆ ಕುಡಿಯುತ್ತದೆ ಎಂದು ಕೇಳಿದ. ವೆಂಕಟರಾಯಪ್ಪನಿಗೆ ಗೊತ್ತಿರಲಿಲ್ಲ. ಕೆಟ್ಟರೆ ಬಿಡಿ ಸಾಮಾನು ಎಲ್ಲಿ ಸಿಗುತ್ತದೆ ಎಂದ. ಅದೂ ಗೊತ್ತಿರಲಿಲ್ಲ.

"ತಳಿ ಒಳ್ಳೇದಿದ್ರೆ ಯಾಕೋ ಕೆಡ್ತದೆ?" ಎಂದು ವೆಂಕಟರಾಯಪ್ಪ ರೇಗಿದ. "ನಾನು ತಂದ ಎತ್ತು ಒಂದಾದ್ರೂ ಕೆಟ್ಟದ್ದು ಅನ್ನಿಸ್ಕೊಂಡೈತಾ?"

"ಇಲ್ಲ ಭಾವ. ಆದ್ರೆ ಒಂದು ಕೇಳ್ತೀನಿ. ನೀವು ಎತ್ತು ತರೋವಾಗ ತಳಿ ನೋಡಿದ ತಕ್ಷಣ ದುಡ್ಡು ಕೊಡ್ತೀರಾ, ಇಲ್ಲ ನೊಗಕ್ಕೆ ಕಟ್ಟಿ ಎರಡು ಸಾಲು ಹೊಡೆಸಿ ನೋಡ್ತೀರಾ?"

ವೆಂಕಟರಾಯಪ್ಪ ಸುಣ್ಣ ಹಚ್ಚಿದ್ದ ಎಲೆಗೇ ಇನ್ನೊಮ್ಮೆ ಸುಣ್ಣ ಹಚ್ಚಿದ. ಮುನಿಲಕ್ಷ್ಮಮ್ಮ ಬಾಗಿಲಿನ ಮರೆಯಲ್ಲಿ ನಗು ತಡೆದುಕೊಂಡಳು. ಪಾಪ, ಅವನಿಗೆ ತನ್ನ ತಪ್ಪು ತಿಳಿದಿತ್ತು. ಒಪ್ಪಿಕೊಳ್ಳಲು ಮಾತ್ರ ಇನ್ನೊಂದು ರಾತ್ರಿ ಬೇಕಾಯಿತು.

ಮರುವಾರ ಭಾವ, ಭಾಮೈದ ಇಬ್ಬರೂ ಬೆಂಗಳೂರಿಗೆ ಹೋದರು. ಈ ಸಲ ವೆಂಕಟರಾಯಪ್ಪ ಸುತ್ತು ಹಾಕಲಿಲ್ಲ, ಪ್ರಶ್ನೆ ಹಾಕಿದ. ಅಮೆರಿಕದ ಗಾಡಿಯ ಸಾಮಾನು ಹಡಗಿನಲ್ಲೇ ಬರಬೇಕು, ಮೂರು ತಿಂಗಳಾದರೂ ಆದೀತು ಎಂದು ಅಂಗಡಿಯವರು ಒಪ್ಪಿಕೊಂಡರು. ಮೂರು ತಿಂಗಳು ಕಾಯುವ ರಾಗಿ ಎಲ್ಲಿದೆ? ಪಕ್ಕದ ಬೀದಿಯಲ್ಲಿ ಇಂಗ್ಲೆಂಡಿನ ಚಿಕ್ಕ ಗಾಡಿ ಇತ್ತು, ಬೆಲೆ ಐದೂವರೆ ಸಾವಿರ. ಅದರ ಸಾಮಾನು ಅದೇ ಅಂಗಡಿಯ ಅಟ್ಟದ ಮೇಲಿತ್ತು. ನಮ್ಮ ಹೊಲದಲ್ಲಿ ಉತ್ತು ತೋರಿಸಿ ಎಂದು ಕೇಳಿದಾಗ ಇಬ್ಬರು ಅಂಗಡಿಯವರೂ ಪೈಪೋಟಿಗೆ ಬಿದ್ದು ಒಪ್ಪಿದರು.

ಆ ದಿನ ಊರಿಗೆ ಊರೇ ಬದುವಿನ ಮೇಲೆ ಕೂತಿತ್ತು. ದೊಡ್ಡ ಗಾಡಿ ಚೆನ್ನಾಗಿಯೇ ಉತ್ತಿತು, ಆಳವಾಗಿ ಉತ್ತಿತು. ನೂರಾರು ಎಕರೆ ಬಯಲಾಗಿದ್ದರೆ ಅದೇ ಸರಿ. ಆದರೆ ನಮ್ಮ ಹೊಲಗಳು ಗೊತ್ತಲ್ಲ, ಎಕರೆಗೊಂದು ಬದು. ಸಾಲಿನ ಕೊನೆಗೆ ಬಂದಾಗಲೆಲ್ಲ ಅದಕ್ಕೆ ತಿರುಗಲು ಜಾಗವಿಲ್ಲ, ಬದುವಿನ ಅಂಚು ಹಾಗೇ ಉಳಿಯಿತು. ಚಿಕ್ಕದು ಮೂಲೆಮೂಲೆಗೂ ಹೋಗಿ ಬಂತು. ಸಂಜೀವಪ್ಪ ಎಣ್ಣೆಯನ್ನು ಸೀಸೆಯಲ್ಲಿ ಅಳೆದು ಹಾಕಿದ್ದ. ಎಕರೆಗೆ ದೊಡ್ಡದು ಕುಡಿದದ್ದರ ಅರ್ಧದಷ್ಟನ್ನು ಚಿಕ್ಕದು ಕುಡಿದಿತ್ತು. ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಇಷ್ಟಾದರೂ ಸಂಜೀವಪ್ಪ ಬಿಡಲಿಲ್ಲ. ಹದಿನಾಲ್ಕು ಎಕರೆಗೆ ಈ ಚಿಕ್ಕದಕ್ಕೂ ವರ್ಷಕ್ಕೆ ಹತ್ತು ದಿನದ ಕೆಲಸ, ಉಳಿದ ದಿನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ ಎಂದ. ವೆಂಕಟರಾಯಪ್ಪ ಬದುವಿನ ಮೇಲೆ ಕೂತಿದ್ದ ದಾಯಾದಿ ಗೋಪಾಲಪ್ಪನ ಕಡೆ ನೋಡಿದ. ಹುಣಸೆಮರದ ವಿಷಯಕ್ಕೆ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಅವನ ಹೊಲದಲ್ಲೂ ಬಿತ್ತನೆ ತಪ್ಪಿದೆ ಎಂದು ವೆಂಕಟರಾಯಪ್ಪನಿಗೆ ಗೊತ್ತಿತ್ತು. ಎದ್ದು ಅವನ ಪಕ್ಕದಲ್ಲಿ ಹೋಗಿ ಕೂತ.

"ಗೋಪಾಲ, ಇದು ಒಬ್ಬನ ಮನೆಗೆ ಜಾಸ್ತಿ ಆಗ್ತದೆ ಕಣೋ. ನಾಲ್ಕು ಮನೆಯವರು ದುಡ್ಡು ಸೇರಿಸಿ ತರೋಣ. ನಿನ್ ಹೊಲನೇ ಮೊದಲು ಉಳಲಿ."

ಗೋಪಾಲಪ್ಪ ಹೂಂ ಎಂದು ತಲೆಯಾಡಿಸಿದ, ಅಷ್ಟೇ.

ಸಂಜೆ ವೆಂಕಟರಾಯಪ್ಪ ಮನೆಗೆ ಬಂದು, ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿಗೆ, "ಗದ್ದೆ ಮಾರಲ್ಲ ಕಣೇ" ಎಂದ. ಮುನಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಮೊರದ ಮೇಲೆ ಕಣ್ಣೀರು ಬಿದ್ದದ್ದನ್ನು ಅವನು ನೋಡಿಯೂ ನೋಡದಂತೆ ಕಾಲು ತೊಳೆಯಲು ಹೋದ.

ರೈತ ಬಾಂಧವರೇ, ಟ್ರ್ಯಾಕ್ಟರು ಕೊಳ್ಳುವ ಯೋಚನೆ ನಿಮಗೂ ಇದ್ದೀತು. ಒಳ್ಳೆಯದೇ. ಯಾವ ದೇಶದ್ದು ಎಂದು ಕೇಳಿ, ಜೊತೆಗೆ ಸಾಮಾನು ಎಷ್ಟು ದಿನಕ್ಕೆ ಬರುತ್ತದೆ ಎಂದೂ ಕೇಳಿ. ಬೆಲೆ ಕೇಳಿ, ಎಣ್ಣೆಯ ಖರ್ಚೂ ಕೇಳಿ. ನಿಮ್ಮ ಹೊಲದಲ್ಲೇ ಉತ್ತು ನೋಡಿ. ಒಬ್ಬರಿಗೆ ಭಾರವೆನಿಸಿದರೆ ಪಕ್ಕದ ಹೊಲದವರ ಹತ್ತಿರ ಮಾತನಾಡಿ, ಮಾತು ಬಿಟ್ಟಿದ್ದರೂ ಸರಿಯೇ. ಅನ್ನ ಕೊಡುವ ನೆಲವನ್ನು ಮಾರಿ ಉಳುವ ಯಂತ್ರ ತಂದರೆ, ಆಮೇಲೆ ಉಳುವುದಾದರೂ ಏನನ್ನು?