ಏಳನೆಯ ಅಡಿಟಿಪ್ಪಣಿ

ನಮ್ಮ ಷೇರು ದಲ್ಲಾಳಿ ಕಚೇರಿಯಲ್ಲಿ ಎಲ್ಲರೂ ನನ್ನ ಮೇಲಧಿಕಾರಿಯನ್ನು ಬೆನ್ನ ಹಿಂದೆ ಮುನ್ನೋಟ ಸಾಹೇಬ ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಹೂಡಿಕೆದಾರರ ಸಭೆಯಲ್ಲಿ ಎದೆಯುಬ್ಬಿಸಿ ನಿಂತು, ಮೊಬೈಲ್ ಇಂಟರ್ನೆಟ್ ಎಷ್ಟು ಬೆಳೆಯುತ್ತದೆ, ಯಾವ ಟೆಕ್ ಷೇರು ಮೇಲೇರುತ್ತದೆ ಎಂದು ಹೇಳುವುದು ಆತನ ಕೆಲಸ. ಹೇಳಬೇಕಾದ್ದನ್ನು ಹುಡುಕಿ ಬರೆಯುವುದು ನನ್ನ ಕೆಲಸ.

ಹೋದ ವರ್ಷದ ವರದಿಗೆ ನಾಲ್ಕು ತಿಂಗಳು ಕತ್ತೆಯಂತೆ ದುಡಿದಿದ್ದೆ. ಅಪ್ಪ ಆಸ್ಪತ್ರೆಯಲ್ಲಿದ್ದರು, ಅವರ ಮಂಚದ ಪಕ್ಕ ಕೂತೇ ಅರ್ಧ ಬರೆದದ್ದು. ಅಚ್ಚಾಗಿ ಬಂದಾಗ ನನ್ನ ಹೆಸರೇ ಇರಲಿಲ್ಲ. ನಮ್ಮಲ್ಲಿ ಬರೆದವರ ಹೆಸರು ಕೊನೆಯ ಅಡಿಟಿಪ್ಪಣಿಯಲ್ಲಿ ಬರುತ್ತದೆ. ಸಾಹೇಬ ಅಡಿಟಿಪ್ಪಣಿಗಳನ್ನು ಒಂದೂ ಬಿಡದೆ ಕಿತ್ತುಹಾಕಿದ್ದ. ಕೇಳಿದ್ದಕ್ಕೆ ಹಲ್ಲು ಕಿರಿದ.

"ಅಡಿಟಿಪ್ಪಣಿ ಯಾರಮ್ಮ ಓದ್ತಾರೆ? ಪುಟ ಗಲೀಜಾಗಿ ಕಾಣುತ್ತೆ."

ಅಪ್ಪ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ನನ್ನ ಹೆಸರು ಹುಡುಕಿದರು. "ಸಣ್ಣ ಅಕ್ಷರದಲ್ಲಿ ಇರ್ಬೇಕು ಮಗಳೇ, ನಂಗೆ ಕಾಣ್ತಿಲ್ಲ" ಎಂದರು. ಹೌದಪ್ಪ ಎಂದೆ. ಅದೇ ತಿಂಗಳು ಹೋಗಿಬಿಟ್ಟರು. ಸುಳ್ಳು ಹೇಳಿದವಳು ನಾನು, ಹೇಳಿಸಿದವನು ಆ ಸಾಹೇಬ. ಅವತ್ತೇ ತೀರ್ಮಾನಿಸಿದೆ, ಇವನನ್ನು ಬಿಡುವುದಿಲ್ಲ ಎಂದು.

ಈ ವರ್ಷ ದೊಡ್ಡ ಫೋನ್ ಕಂಪನಿಯೊಂದು ಷೇರು ಬಿಡುವುದಿತ್ತು. ತನಗೆ ಹತ್ತು ಕೋಟಿ ಗ್ರಾಹಕರಿದ್ದಾರೆ ಎಂದು ಅದು ಡಂಗುರ ಹೊಡೆಯುತ್ತಿತ್ತು. ನಾನು ಮೂರು ವಾರ ಚಪ್ಪಲಿ ಸವೆಸಿ ಅರವತ್ತು ರೀಚಾರ್ಜ್ ಅಂಗಡಿ ಸುತ್ತಿದೆ. ಹತ್ತರಲ್ಲಿ ನಾಲ್ಕು ಸಿಮ್, ಆಗಲೇ ಒಂದು ಇದ್ದವರೇ ಕೊಂಡ ಎರಡನೆಯದೋ ಮೂರನೆಯದೋ ಆಗಿತ್ತು. ನಮ್ಮಮ್ಮನ ಬಳಿಯೇ ಮೂರಿದ್ದವು. ಒಂದು ಫೋನಿನಲ್ಲಿ, ಎರಡು ಬಿಸ್ಕೆಟ್ ಡಬ್ಬಿಯಲ್ಲಿ.

"ಆಫರ್ ಮುಗೀತಲ್ಲ, ಹೊಸದು ತಗೊಂಡೆ. ಬಿಟ್ಟಿ ಸಿಕ್ರೆ ಬಿಡ್ಲಾ?" ಎಂದಳು ಅಮ್ಮ.

ವರದಿಯಲ್ಲಿ ಕಂಪನಿಯ ಅಂಕಿಯನ್ನು ಹಾಗೇ ಬರೆದು ಪಕ್ಕದಲ್ಲಿ ಏಳು ಎಂದು ಗುರುತು ಹಾಕಿದೆ. ಅಂಗಡಿಗಳಲ್ಲಿ ಕಂಡದ್ದನ್ನೆಲ್ಲ ಏಳನೆಯ ಅಡಿಟಿಪ್ಪಣಿಯಲ್ಲಿಟ್ಟೆ. ಸಾಹೇಬ ಓದಿದ್ದರೆ ಬಚಾವಾಗುತ್ತಿದ್ದ. ಓದಲಿಲ್ಲ, ಕಿತ್ತುಹಾಕಿದ. ನಾನು ಅಡಿಟಿಪ್ಪಣಿ ಸಮೇತ ಪೂರ್ತಿ ವರದಿಯನ್ನು ಹತ್ತಾರು ಪ್ರತಿ ಜೆರಾಕ್ಸ್ ಮಾಡಿಸಿ ಚೀಲದಲ್ಲಿಟ್ಟುಕೊಂಡೆ.

ಸಭೆಯಲ್ಲಿ ಸಾಹೇಬ ಹತ್ತು ಕೋಟಿ, ಹತ್ತು ಕೋಟಿ ಎಂದು ಮೂರು ಸಲ ಹೇಳಿದ. ಈ ಷೇರು ಕೊಳ್ಳದವನು ಪೆದ್ದ ಎಂದೂ ಹೇಳಿದ. ಮುಂದಿನ ಸಾಲಿನಲ್ಲಿ ಶಿಕ್ಷಕರ ಪಿಂಚಣಿ ನಿಧಿ ನೋಡಿಕೊಳ್ಳುವ ವಯಸ್ಸಾದ ಹೆಂಗಸು ಕೈಯೆತ್ತಿದರು.

"ಹತ್ತು ಕೋಟಿ ಸಿಮ್ಮೋ, ಹತ್ತು ಕೋಟಿ ಜನವೋ?"

"ಎರಡೂ ಒಂದೇ ಅಲ್ವಾ ಮೇಡಂ!"

"ನನ್ನ ಬ್ಯಾಗಲ್ಲೇ ಎರಡಿವೆಯಲ್ಲಪ್ಪ."

ಸಭೆ ಗೊಳ್ಳೆಂದು ನಕ್ಕಿತು. ಸಾಹೇಬನ ಮುಖ ಸಪ್ಪಗಾಯಿತು. ಹಾಳೆ ತಿರುವಿದ, ಮತ್ತೆ ತಿರುವಿದ, ಕೊನೆಗೆ ಹಿಂದಿನ ಸಾಲಿನಲ್ಲಿದ್ದ ನನ್ನನ್ನು ಹುಡುಕಿ ಕೈಬೀಸಿ ಕರೆದ. ನಾನು ಅವಸರ ಮಾಡದೆ ನಡೆದೆ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಗಿತ್ತು.

"ಇದಕ್ಕೆ ಉತ್ತರ ಎಲ್ಲಮ್ಮಾ?" ಎಂದು ಪಿಸುಗುಟ್ಟಿದ.

ನಾನು ಮೈಕಿಗೇ ಹೇಳಿದೆ. "ಏಳನೇ ಅಡಿಟಿಪ್ಪಣಿಯಲ್ಲಿತ್ತು ಸರ್. ನೀವೇ ಕಿತ್ತುಹಾಕಿದ್ರಿ. ಅಡಿಟಿಪ್ಪಣಿ ಯಾರು ಓದ್ತಾರೆ ಅಂದಿದ್ರಲ್ಲ?"

"ನೀನು ಓದಮ್ಮ, ನಾವು ಕೇಳ್ತೀವಿ" ಎಂದರು ಆ ಹೆಂಗಸು.

ಜೆರಾಕ್ಸ್ ಪ್ರತಿಗಳನ್ನು ಸಾಲಿಗಿಷ್ಟು ಹಂಚಿ ಓದಿದೆ. ಹತ್ತು ಕೋಟಿ ಸಿಮ್, ಹೆಚ್ಚೆಂದರೆ ಆರು ಕೋಟಿ ಜನ. ಕೊಳ್ಳಲು ಬಂದಿದ್ದವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ನಮ್ಮ ಕಚೇರಿಯ ಯಜಮಾನರು ಸಾಹೇಬನನ್ನೇ ದುರುಗುಟ್ಟಿ ನೋಡುತ್ತಿದ್ದರು. ಆತ ಖಾಲಿ ಲೋಟ ಎತ್ತಿ ನೀರು ಕುಡಿಯಲು ಹೋದ. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ, ಇವತ್ತಿಗೂ ಅನ್ನಿಸಿಲ್ಲ.

ಎಂಟನೆಯದನ್ನೂ ಓದಿದೆ, ಒಂಬತ್ತನೆಯದನ್ನೂ. ಕೊನೆಯ ಅಡಿಟಿಪ್ಪಣಿ ಒಂದೇ ಸಾಲಿನದು, ವರದಿ ಬರೆದವಳ ಹೆಸರು. ಅದನ್ನು ಎರಡು ಸಲ ಓದಿದೆ. ಎರಡನೆಯ ಸಲ ಅಪ್ಪನಿಗಾಗಿ, ಸ್ವಲ್ಪ ಜೋರಾಗಿ.