ಬೆಲ್‌ಗೂ ಬೊಗಳುವುದಕ್ಕೂ ನಡುವೆ ಒಂದು ಚೂರು ಚೀಸ್

೧
ನಾಯಿಯಿಂದ ಶುರುಮಾಡಲೋ, ಪ್ಯಾಂಟಿನಿಂದ ಶುರುಮಾಡಲೋ? ನಾಯಿಯಿಂದ ಶುರುಮಾಡಿದರೆ ನೀವು ‘ಅಯ್ಯೋ ಮುದ್ದು’ ಎಂದು ಕರಗಿಹೋಗುತ್ತೀರಿ, ಆಮೇಲೆ ಮನುಷ್ಯರ ಪಾಡು ಯಾರಿಗೂ ಬೇಡ. ಪ್ಯಾಂಟಿನಿಂದ ಶುರುಮಾಡಿದರೆ ಇದ್ಯಾವ ಸೀಮೆಯ ಕಥೆ ಎಂದು ಪುಟ ಮಗುಚುತ್ತೀರಿ. (ಮಗುಚಿ. ಮುಂದಿನ ಪುಟದಲ್ಲೂ ನಾನೇ ಇದ್ದೇನೆ.)

೧, ಮತ್ತೊಮ್ಮೆ
ಸರಿ, ಪ್ಯಾಂಟೇ ಆಗಲಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಒಬ್ಬ ಸೊಸೆ. ಬಸ್ ಓಡಿಸಿ ನಿವೃತ್ತರಾದ ಒಬ್ಬ ಮಾವ. ನಾಯಿಮರಿ ಮನೆಗೆ ಬಂದ ದಿನ ಅದು ಚಳಿಗೆ ನಡುಗುತ್ತಿದೆಯೆಂದು ಸೊಸೆ ಬೀರುವಿನ ತಳದಲ್ಲಿದ್ದ ಹಳೇ ಖಾಕಿ ಪ್ಯಾಂಟನ್ನು ಕತ್ತರಿಸಿ, ಒಳಗೆ ಚಿಂದಿ ತುಂಬಿ, ಅಚ್ಚುಕಟ್ಟಾಗಿ ಒಂದು ಹಾಸಿಗೆ ಹೊಲಿದಳು. ಅದು ಮಾವ ಕೊನೆಯ ಸಲ ಬಸ್ಸಿನಿಂದ ಇಳಿದಾಗ ತೊಟ್ಟಿದ್ದ ಪ್ಯಾಂಟು. ಮಾವ ಹಾಸಿಗೆ ನೋಡಿದರು, ಜೇಬಿನ ಗುರುತು ಹಿಡಿದರು, ಸೊಸೆಯ ಜೊತೆ ಮಾತು ಬಿಟ್ಟರು.

ನಾಯಿಯ ಮೇಲೆ ಮಾತ್ರ ಸಿಟ್ಟಿಲ್ಲ. ಅದಕ್ಕೆ ಕಂಡಕ್ಟರ್ ಎಂದು ತಾವೇ ಹೆಸರಿಟ್ಟರು. ಅಂದಿನಿಂದ ಮನೆಯ ಮಾತೆಲ್ಲ ಕಂಡಕ್ಟರ್ ಮೂಲಕವೇ ಹೋಗಬೇಕು.

“ಕಂಡಕ್ಟರ್, ಕಾಫಿಗೆ ಸಕ್ಕರೆ ಕಮ್ಮಿ ಅಂತ ಹೇಳು.”

“ಕಂಡಕ್ಟರ್, ಡಾಕ್ಟರು ಸಕ್ಕರೆನೇ ಬೇಡ ಅಂದಿದಾರೆ ಅಂತ ನಿನ್ನ ತಾತಂಗೆ ಹೇಳು.”

ಕಂಡಕ್ಟರ್ ಇಬ್ಬರಿಗೂ ಬಾಲ ಅಲ್ಲಾಡಿಸುತ್ತಿತ್ತು. ಸೊಸೆಗೆ ಮೊದಮೊದಲು ನಗು ಬರುತ್ತಿತ್ತು, ಈಗ ಸಂಕಟವಾಗುತ್ತದೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಬಸ್ಸಿನ ಕಥೆ ಹೇಳಿ ಹೇಳಿ ನಗಿಸಿ, ಈ ಮನೆ ನಂದೇ ಅನ್ನಿಸುವಂತೆ ಮಾಡಿದ್ದವರು ಅವರೇ.

೨
ಕಂಡಕ್ಟರ್‌ಗೆ ಇನ್ನೊಂದು ಕೆಲಸವೂ ಇತ್ತು. ಬಾಗಿಲ ಬೆಲ್ ಆದರೆ ಬೀದಿಗೆಲ್ಲ ಕೇಳುವಂತೆ ಬೊಗಳುವುದು. ಕೆಳಗಿನ ಮನೆಯ ಓನರ್ ಆಂಟಿ ಹತ್ತಿ ಬಂದರು.

“ಭಾನುವಾರ ನಾನೇ ಬಂದು ಬೆಲ್ ಒತ್ತಿ ನೋಡ್ತೀನಿ. ಬೊಗಳ್ತೋ, ಅವತ್ತೇ ಅದನ್ನ ಎಲ್ಲಾದ್ರೂ ಬಿಟ್ಟು ಬರಬೇಕು. ನನಗೆ ತಲೆ ಕೆಟ್ಟು ಕೆರ ಹಿಡಿದುಹೋಗಿದೆ.”

ನಾಯಿ ಹೋದರೆ ಆ ಮನೆಯಲ್ಲಿ ಮಾವನಿಂದ ಸೊಸೆಗೆ ಒಂದು ಮಾತೂ ತಲುಪುವುದಿಲ್ಲ. ಇದು ಆಂಟಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರಲಿ.

೩
(ಹರಿದುಹಾಕಿದ್ದೇನೆ. ಇಲ್ಲಿ ಕಂಡಕ್ಟರ್ ಕಳ್ಳನನ್ನು ಹಿಡಿದು ಆಂಟಿಯ ಮನಸ್ಸು ಗೆಲ್ಲುವ ಭಾಗವಿತ್ತು. ಸೊಸೆ ಓದಿ, “ನಮ್ಮ ನಾಯಿ ಜಿರಲೆ ಕಂಡ್ರೆ ಮಂಚದ ಕೆಳಗೆ ಹೋಗತ್ತೆ. ಸ್ವಲ್ಪ ನಾಚಿಕೆ ಇಟ್ಕೊಂಡು ಬರೀರಿ” ಎಂದಳು.)

೪
ಸೊಸೆಯ ಗಂಡ ಡ್ಯೂಟಿಗೆ ಹೊರಡುವಾಗ ಮೊಬೈಲಿನಲ್ಲಿ ನೋಡಿದ ವಿದ್ಯೆಯನ್ನೆಲ್ಲ ಹೇಳಿಕೊಟ್ಟ. “ಬೈಬೇಡ, ಹೊಡೀಬೇಡ. ಸರಿಯಾಗಿ ಮಾಡಿದ ಕ್ಷಣಕ್ಕೇ ತಿನ್ನೋಕೆ ಕೊಡು. ತಡ ಮಾಡಿದ್ರೆ ಯಾಕೆ ಕೊಟ್ರಿ ಅಂತ ಅದಕ್ಕೆ ಗೊತ್ತಾಗಲ್ಲ.” ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್ ಅಂತೆ. ನಮ್ಮ ಕಾಲದಲ್ಲಿ ಇದಕ್ಕೆ ಲಂಚ ಅನ್ನುತ್ತಿದ್ದರು.

ಸೊಸೆ ಚೀಸನ್ನು ಚಿಕ್ಕಚಿಕ್ಕದಾಗಿ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಬಟ್ಟೆಗೆ ಗುರುತು ಹಾಕುವ ಚಾಕ್ ಇರುತ್ತಿದ್ದುದೂ ಅದೇ ಜೇಬಿನಲ್ಲಿ. ಹೀಗಾಗಿ ಯಾರದೋ ಕೋಟಿನ ತೋಳಿಗೆ ಚೀಸ್ ಉಜ್ಜಿದ್ದೂ ಆಯಿತು. ಮಾವ ಹೊರಗೆ ನಿಂತು ಬೆಲ್ ಒತ್ತುವರು. ಕಂಡಕ್ಟರ್ ಬೊಗಳುವುದು. ಸೊಸೆ “ಸುಮ್ನಿರು” ಅನ್ನುವಳು. ಸುಮ್ಮನಾದ ಕ್ಷಣಕ್ಕೇ ಚೀಸ್.

ನಾಯಿ ಬೇಗ ಕಲಿಯಿತು. ಏನು ಕಲಿಯಿತೆಂದರೆ, ಸುಮ್ಮನಾದರೆ ಚೀಸ್, ಆದರೆ ಸುಮ್ಮನಾಗಬೇಕಾದರೆ ಮೊದಲು ಬೊಗಳಬೇಕು. ಆಮೇಲೆ ಬೆಲ್ ಆಗದಿದ್ದರೂ ಬಾಗಿಲಿಗೆ ಓಡಿ, ಜೋರಾಗಿ ಬೊಗಳಿ, ತಾನೇ ನಿಲ್ಲಿಸಿ, ಬಂದು ಮುಖ ನೋಡುತ್ತ ಕೂರತೊಡಗಿತು.

“ಕಂಡಕ್ಟರ್, ನಿಮ್ಮಮ್ಮ ನಿನಗೆ ಬೊಗಳೋಕೆ ಸಂಬಳ ಕೊಡ್ತಿದಾಳೆ ಅಂತ ಹೇಳು.”

“ಗೊತ್ತಾಯ್ತು ಅಂತ ಹೇಳು. ಇನ್ಮೇಲೆ ಬೆಲ್ ಆದ ತಕ್ಷಣ, ಬೊಗಳೋಕೆ ಮುಂಚೆನೇ ಕೊಡ್ತೀನಿ ಅಂತ ಹೇಳು.”

ಅದು ಫಲಿಸಿತು. ಬೆಲ್ ಆಗುತ್ತಲೇ ಕಂಡಕ್ಟರ್ ಬಾಗಿಲು ಬಿಟ್ಟು ಅವಳ ಕೈ ನೋಡುತ್ತಿತ್ತು. ಕೈಯಲ್ಲಿ ಚೀಸ್ ಇದ್ದರೆ ಬಾಯಿ ಬಂದ್. ಇಲ್ಲದಿದ್ದರೆ ಬೀದಿಗೆಲ್ಲ ಸುದ್ದಿ.

೫
ಈ ಹೊತ್ತಿಗೆ ಮಾವ ನನ್ನ ಮೇಲೆ ತಿರುಗಿಬಿದ್ದರು. ನೇರವಾಗಿ ಅಲ್ಲ, ಬಿಡಿ.

“ಕಂಡಕ್ಟರ್, ಆ ಕಥೆ ಬರೆಯೋರಿಗೆ ಹೇಳು. ಪ್ಯಾಂಟಿನ ವಿಷಯ ಊರಿಗೆಲ್ಲ ಸಾರಬೇಕಾಗಿರಲಿಲ್ಲ. ಅವಳು ಬೇಕಂತ ಮಾಡಿದ್ದಲ್ಲ ಅಂತ ನನಗೂ ಗೊತ್ತು.”

ಹಾಗಾದರೆ ಮಾತಾಡಬಹುದಲ್ಲ ಎಂದು ನಾನು ಕೇಳಿದೆ.

“ಇಷ್ಟು ದಿನ ಆದ್ಮೇಲೆ ಏನಂತ ಶುರು ಮಾಡೋದು ಅಂತ ಕೇಳು ಅವರನ್ನ.”

(ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿದ್ದಿದ್ದರೆ ಭಾಗ ೧ನ್ನು ಎರಡು ಸಲ ಬರೆಯುತ್ತಿರಲಿಲ್ಲ.)

೬
ಅಂತ್ಯ ಅ: ನಾಯಿ ಬೊಗಳಲಿಲ್ಲ, ಆಂಟಿ ಅದರ ತಲೆ ಸವರಿದರು, ಎಲ್ಲರೂ ನಕ್ಕರು. ಇದನ್ನು ಬರೆಯಲು ನನಗೂ ಯಾರಾದರೂ ಲಂಚ ಕೊಡಬೇಕು.

ಅಂತ್ಯ ಆ: ನಾಯಿ ಹೋಯಿತು. ಮಾವ ಕಾಫಿ ಲೋಟ ಹಿಡಿದು ಖಾಲಿ ಹಾಸಿಗೆಗೆ ಸಕ್ಕರೆಯ ವಿಷಯ ಹೇಳುತ್ತಿದ್ದಾರೆ. ಇಷ್ಟು ಬರೆಯುವಷ್ಟರಲ್ಲಿ ಸೊಸೆ ಕತ್ತರಿ ತೋರಿಸಿದಳು.

ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ. ಭಾನುವಾರ ಬೆಳಿಗ್ಗೆಯ ರಿಹರ್ಸಲ್ಲಿನಲ್ಲಿ ಚೀಸೆಲ್ಲ ಮುಗಿದು ಜೇಬಿನಲ್ಲಿ ಒಂದೇ ಒಂದು ಚೂರು ಉಳಿದಿತ್ತು. ಸೊಸೆ ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತ, ಮಿಷನ್ ಮುಂದೆ ಕೂತಿದ್ದಳು. ಹೊಲಿಯಲು ಮನಸ್ಸಿಲ್ಲ, ಹೊಟ್ಟೆಗೂ ಏನೂ ಇಳಿದಿಲ್ಲ. ಕಂಡಕ್ಟರ್ ಖಾಕಿ ಹಾಸಿಗೆಯ ಮೇಲೆ ನಿದ್ದೆ ಹೊಡೆಯುತ್ತಿತ್ತು.

ಮಾವ ಒಳಗಿನಿಂದ ಬಂದರು. ನಾಯಿಯತ್ತ ನೋಡಿ ಬಾಯಿ ತೆರೆದರು. ಎಬ್ಬಿಸಲಿಲ್ಲ. ಅವಳ ಕಡೆ ತಿರುಗಿದರು.

“ಏನಾದ್ರೂ ತಿನ್ನಮ್ಮ. ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿದೀಯ.”

ಸರಿಯಾಗಿ ಮಾಡಿದ ಕ್ಷಣಕ್ಕೇ. ವಾರವೆಲ್ಲ ಪಳಗಿದ ಕೈ ಅವಳನ್ನು ಕೇಳದೆ ಜೇಬಿಗೆ ಹೋಯಿತು, ಹೊರಗೆ ಬಂತು, ಮಾವನ ಮುಂದೆ ಚಾಚಿಕೊಂಡಿತು. ಮಾವ ಆ ಚೂರನ್ನು ನೋಡಿದರು, ಅವಳನ್ನು ನೋಡಿದರು, ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

“ಉಪ್ಪು ಜಾಸ್ತಿ,” ಎಂದರು, ಅವಳಿಗೇ.

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅಷ್ಟರಲ್ಲಿ ಬೆಲ್ ಆಯಿತು.

ಕಂಡಕ್ಟರ್ ಎದ್ದು ಕೂತಿತು. ಬಾಗಿಲ ಕಡೆ ನೋಡಲಿಲ್ಲ, ಅವಳ ಕೈ ನೋಡಿತು. ಕೈ ಖಾಲಿ. ಮಾವ ಅಗಿಯುವುದನ್ನು ನಿಲ್ಲಿಸಿದರು.

ಮುಂದೇನಾಯಿತು ಎಂದು ಬರೆಯಲು ಪೆನ್ನು ಎತ್ತಿದೆ. ಸೊಸೆ ನಾಯಿಯಿಂದ ಕಣ್ಣು ಕೀಳದೆ, ನನಗೇ ಹೇಳಿದಳು: “ಸುಮ್ನಿರಿ.”

ಸುಮ್ಮನಿದ್ದೇನೆ. ನನಗೆ ಕೊಡಲೂ ಅವಳ ಕೈಯಲ್ಲಿ ಏನೂ ಇಲ್ಲ.